ಸಿಲ್ಕ್ ಬೋರ್ಡ್ ದಾಟುವ ಹುಡುಗಿಗೆ

ಪುಟ್ಟೀ, ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ಇನ್ನೂ ನನ್ನ ತಲೆಯಲ್ಲೇ ಕೂತಿದೆ. "ಸಿಲ್ಕ್ ಬೋರ್ಡ್‌ನಲ್ಲಿ ಎಲ್ಲರೂ ಕೈ ಅಡ್ಡ ಹಿಡಿದು ನುಗ್ತಾರೆ ಮಾವ, ನಾನೂ ಅವರ ಹಿಂದೆ ನುಗ್ಗಿಬಿಡ್ತೀನಿ" ಅಂದೆ. ನಗುತ್ತಲೇ ಅಂದೆ. ಇದನ್ನು ನಿಮ್ಮಮ್ಮನಿಗೆ ಹೇಳಿದ್ದರೆ ಅವಳು ಅರಸೀಕೆರೆಯಿಂದ ಮೊದಲ ರೈಲಿಗೇ ಹೊರಟು ಬರುತ್ತಿದ್ದಳು. ನನಗೆ ಹೇಳಿದ್ದು ಒಳ್ಳೆಯದೇ ಆಯಿತು. ಈ ಊರಿನಲ್ಲಿ ಆಯುಷ್ಯದ ಬಹುಭಾಗ ಸಿಟಿ ಬಸ್ಸಿನ ಸ್ಟೀರಿಂಗ್ ಹಿಡಿದು ಕಳೆದವನು ನಾನು. ರಸ್ತೆ ದಾಟುವ ಜನರನ್ನು ಮುಂದಿನ ಗಾಜಿನೊಳಗಿಂದ ನೋಡುತ್ತಾ ನೋಡುತ್ತಾ ತಲೆ ನರೆಯಿತು. ಫುಟ್‌ಪಾತಿನಲ್ಲಿ ನಿಂತು ನೀನು ನೋಡುವ ರಸ್ತೆ ಬೇರೆ, ಆ ಎತ್ತರದ ಸೀಟಿನಲ್ಲಿ ಕೂತವನು ನೋಡುವ ರಸ್ತೆ ಬೇರೆ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಅಪಾಯ ಕಳೆದ ಹಾಗೆ.

ಮೊದಲು ಆ ಜಾಗದ ಲಕ್ಷಣ ಅರ್ಥ ಮಾಡಿಕೊ. ಹೊಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಅಲ್ಲಿ ಕೂಡುತ್ತವೆ. ಒಂದು ಕಡೆ ಮಡಿವಾಳ, ಒಂದು ಕಡೆ ಬೊಮ್ಮನಹಳ್ಳಿ, ಒಂದು ಕಡೆ ಬಿಟಿಎಂ, ಇನ್ನೊಂದು ಕಡೆ ಎಚ್‌ಎಸ್‌ಆರ್, ಅಗರ. ತಲೆಯ ಮೇಲೆ ಫ್ಲೈಓವರ್. 2024ರ ಜುಲೈನಲ್ಲಿ ರಾಗಿಗುಡ್ಡದ ಕಡೆಯಿಂದ ಡಬಲ್ ಡೆಕರ್ ಫ್ಲೈಓವರ್ ಬಂತು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಓಡತೊಡಗಿತು. ಮೇಲೆ ಏನೆಲ್ಲ ಬಂದರೂ ಕೆಳಗೆ ನಡೆಯುವವನ ಪಾಡು ಹಗುರವಾಗಿಲ್ಲ. ಕಂಬಗಳು ಹೆಚ್ಚಾದವು, ಬ್ಯಾರಿಕೇಡ್ ಹೆಚ್ಚಾದವು. ಒಂದೊಂದು ಕಂಬವೂ ನಿನಗೆ ಬರುವ ಗಾಡಿಯನ್ನು ಮರೆಮಾಡುತ್ತದೆ, ಗಾಡಿಯವನಿಗೆ ನಿನ್ನನ್ನು ಮರೆಮಾಡುತ್ತದೆ. ಕಂಬದ ಮರೆಯಿಂದ ನೇರ ರಸ್ತೆಗೆ ಕಾಲಿಡಬೇಡ. ಅದರ ಅಂಚು ದಾಟಿ, ಬಯಲಲ್ಲಿ ನಾಲ್ಕು ಕ್ಷಣ ನಿಂತು, ನಾಲ್ಕು ಜನರ ಕಣ್ಣಿಗೆ ಬಿದ್ದು ಆಮೇಲೆ ಇಳಿ. ಫ್ಲೈಓವರ್ ಇಳಿಜಾರು ನೆಲ ಮುಟ್ಟುವ ಜಾಗದಲ್ಲಂತೂ ದಾಟಲೇಬೇಡ. ಮೇಲಿಂದ ಇಳಿಯುವವನ ವೇಗ ಇನ್ನೂ ತಗ್ಗಿರುವುದಿಲ್ಲ, ಕೆಳಗೆ ಒಬ್ಬಳು ನಡೆದು ಬರಬಹುದು ಎಂಬ ಯೋಚನೆಯೇ ಅವನಿಗಿರುವುದಿಲ್ಲ.

ಈಗ ಮುಖ್ಯ ಮಾತು. ನೀನು ಬಸ್ಸನ್ನು ಕಂಡೆ ಅಂದ ಮಾತ್ರಕ್ಕೆ ಬಸ್ಸಿನವನು ನಿನ್ನನ್ನು ಕಂಡ ಅಂತ ತಿಳಿಯಬೇಡ. ಅಷ್ಟು ದೊಡ್ಡ ಗಾಜು, ಎರಡೆರಡು ಕನ್ನಡಿ ಇರುವಾಗ ಕಾಣದೇ ಏನು ಅಂತ ಎಲ್ಲರೂ ತಿಳಿಯುತ್ತಾರೆ. ಸಿಗ್ನಲ್‌ನಲ್ಲಿ ನಿಂತ ಬಸ್ಸಿನ ಅಥವಾ ಲಾರಿಯ ಮೂತಿಗೆ ಅಂಟಿಕೊಂಡು ಒಬ್ಬರು ನಡೆದುಹೋದರೆ, ಸೀಟಿನಲ್ಲಿ ಕೂತವನಿಗೆ ಅವರ ನೆತ್ತಿಯೂ ಕಾಣಿಸದೆ ಹೋಗಬಹುದು. ಎಡಗಡೆ ಬಾಗಿಲ ಕೆಳಗಿನ ಜಾಗವೂ ಹಾಗೆಯೇ. ಮುಂದಿನ ಗಾಜಿನ ಪಕ್ಕದ ದಪ್ಪ ಕಂಬಿ ಒಬ್ಬ ಆಳನ್ನು ಪೂರ್ತಿ ನುಂಗುತ್ತದೆ. ಸಿಗ್ನಲ್ ಬಿಟ್ಟ ಕೂಡಲೇ ಡ್ರೈವರ್ ಕಣ್ಣು ದೂರದ ರಸ್ತೆಯ ಮೇಲಿರುತ್ತದೆ, ಕಿವಿ ಕಂಡಕ್ಟರ್ ಸೀಟಿಯ ಮೇಲಿರುತ್ತದೆ, ಹಿಂದಿನಿಂದ ಹಾರ್ನ್ ಬೇರೆ. ಆದ್ದರಿಂದ ನಿಂತ ದೊಡ್ಡ ಗಾಡಿಯ ಮುಂದೆ ಹೋಗಲೇಬೇಕಾದರೆ ನಾಲ್ಕೈದು ಹೆಜ್ಜೆ ದೂರ ಬಿಟ್ಟು ಹೋಗು. ಡ್ರೈವರ್ ಮುಖ ನಿನಗೆ ಕಾಣಬೇಕು, ಅವನ ಕಣ್ಣು ನಿನ್ನ ಮೇಲೆ ಬಿತ್ತು ಅನ್ನುವುದು ನಿನಗೆ ತಿಳಿಯಬೇಕು. ಹೆಲ್ಮೆಟ್ಟಿನ ಕಪ್ಪು ಗಾಜಿನ ಹಿಂದೆ, ಬಣ್ಣದ ಗಾಜಿನ ಕಾರಿನೊಳಗೆ ಯಾರ ಕಣ್ಣೂ ಕಾಣುವುದಿಲ್ಲ. ಕಾಣದಿದ್ದರೆ, ಅವನು ನೋಡಿಲ್ಲ ಅಂತಲೇ ಲೆಕ್ಕ ಹಿಡಿ.

ಎಡಕ್ಕೆ ತಿರುಗುವ ಬಸ್ಸಿನ ಬಗ್ಗೆ ಇನ್ನೊಂದು ವಿಷಯವಿದೆ. ಸಿಟಿ ಬಸ್ಸಿನ ಉದ್ದ ಸುಮಾರು 12 ಮೀಟರ್. ತಿರುಗುವಾಗ ಮುಂದಿನ ಗಾಲಿ ಹೋದ ಜಾಡಿನಲ್ಲೇ ಹಿಂದಿನ ಗಾಲಿ ಬರುವುದಿಲ್ಲ, ಅದು ಒಳಗಡೆಗೆ, ಫುಟ್‌ಪಾತಿನ ಮೂಲೆಗೆ ಸರಿದುಕೊಂಡು ಬರುತ್ತದೆ. ಮುಂಭಾಗ ದೂರದಿಂದ ಹೋಯಿತಲ್ಲ ಅಂತ ಮೂಲೆಯ ಕಲ್ಲಿನಿಂದ ಕೆಳಗಿಳಿದು ನಿಂತವರ ಕಾಲ ಬಳಿಗೇ ಹಿಂದಿನ ಗಾಲಿ ಬಂದುಬಿಡುತ್ತದೆ. ಜಂಕ್ಷನ್ ಮೂಲೆಯಲ್ಲಿ ಕಾಯುವಾಗ ಅಂಚಿಗೆ ಬರಬೇಡ, ಎರಡು ಹೆಜ್ಜೆ ಹಿಂದೆಯೇ ನಿಲ್ಲು. ಮುಂದೆ ನಿಂತವರು ಒಂದು ಸೆಕೆಂಡ್ ಮೊದಲು ದಾಟಿಕೊಳ್ಳಲಿ ಬಿಡು.

ಇನ್ನು ನೀನು ಹೇಳಿದ ನುಗ್ಗುವ ವಿಚಾರ. ಗುಂಪಿನಲ್ಲಿ ದಾಟುವುದು ಒಳ್ಳೆಯದೇ, ಒಬ್ಬರಿಗಿಂತ ಹತ್ತು ಜನ ಎದ್ದು ಕಾಣುತ್ತಾರೆ. ಆದರೆ ಗುಂಪಿನ ಧೈರ್ಯವೆಲ್ಲ ಮುಂದಿರುವವನ ಕಣ್ಣಿನ ಮೇಲೆ ನಿಂತಿರುತ್ತದೆ, ಹಿಂದಿರುವವರು ಅವನ ಬೆನ್ನು ನೋಡಿಕೊಂಡು ನಡೆಯುತ್ತಾರೆ. ಆ ಮುಂದಿನ ನಾಲ್ವರು ದಾಟುವಷ್ಟು ಹೊತ್ತು ಮಾತ್ರ ಗಾಡಿಗಳ ನಡುವೆ ಸಂದು ಇರುತ್ತದೆ. ಐದನೆಯವಳಾಗಿ ಓಡುವವಳ ಪಾಲಿಗೆ ಆ ಸಂದು ಮುಚ್ಚಿರುತ್ತದೆ. ಯಾರ ಹಿಂದೆ ಹೋದರೂ ನಿನ್ನ ಕತ್ತು ನೀನೇ ತಿರುಗಿಸಿ ನೋಡು. ನಮ್ಮಲ್ಲಿ ಗಾಡಿಗಳು ರಸ್ತೆಯ ಎಡಭಾಗದಲ್ಲಿ ಬರುವುದರಿಂದ ಮೊದಲ ಅರ್ಧಕ್ಕೆ ಅಪಾಯ ಬಲಗಡೆಯಿಂದ, ಡಿವೈಡರ್ ದಾಟಿದ ಮೇಲೆ ಎಡಗಡೆಯಿಂದ. ಇಷ್ಟು ಶಾಲೆಯಲ್ಲೇ ಹೇಳಿಕೊಟ್ಟಿರುತ್ತಾರೆ. ಶಾಲೆಯಲ್ಲಿ ಹೇಳದೆ ಬಿಟ್ಟದ್ದು ರಾಂಗ್ ಸೈಡಿನಲ್ಲಿ ಬರುವ ಬೈಕು. ಯೂ ಟರ್ನ್ ದೂರ ಅಂತ ಫುಟ್‌ಪಾತಿನ ಪಕ್ಕದಲ್ಲೇ ಎದುರಿನಿಂದ ಬರುತ್ತಾನೆ. ಅದಕ್ಕೆ ಒನ್ ವೇ ರಸ್ತೆಯಲ್ಲೂ ಎರಡೂ ಕಡೆ ನೋಡಿಯೇ ಮೊದಲ ಹೆಜ್ಜೆ. ಈಗಿನ ಎಲೆಕ್ಟ್ರಿಕ್ ಸ್ಕೂಟರಿಗೂ ಎಲೆಕ್ಟ್ರಿಕ್ ಬಸ್ಸಿಗೂ ಸದ್ದು ಕಡಿಮೆ. ಕಿವಿಯನ್ನು ನಂಬಿ ದಾಟುವ ಕಾಲ ಮುಗಿಯಿತು. ಹಾಗಂತ ಇಯರ್‌ಫೋನ್ ಹಾಕಿಕೊಂಡೇ ದಾಟಬೇಡ, ಹಾರ್ನಾದರೂ ಕೇಳಬೇಕಲ್ಲ.

ನನ್ನ ಕಣ್ಣೆದುರು ಮತ್ತೆ ಮತ್ತೆ ನಡೆಯುತ್ತಿದ್ದದ್ದು ಒಂದಿದೆ, ಅದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊ. ಯಾರೋ ಜೀಬ್ರಾ ಪಟ್ಟೆಯ ಮೇಲೆ ಹೆಜ್ಜೆ ಇಡುತ್ತಾರೆ. ನಾನು ಬಸ್ಸು ನಿಲ್ಲಿಸುತ್ತೇನೆ, ಕೈಸನ್ನೆ ಮಾಡಿ ಹೋಗಿ ಅನ್ನುತ್ತೇನೆ. ಅವರು ನನ್ನ ಮುಖ ನೋಡಿ ತಲೆಯಾಡಿಸಿ, ಆ ಕೃತಜ್ಞತೆಯಲ್ಲೇ ಬೇಗ ಬೇಗ ದಾಟುತ್ತಾರೆ. ಅಷ್ಟರಲ್ಲಿ ನನ್ನ ಬಲಗಡೆಯಿಂದ ಒಂದು ಬೈಕು, 'ಈ ಬಸ್ಸು ಯಾಕೆ ನಿಂತಿತು' ಅಂತ ಯೋಚಿಸದೆ, ಸಂದು ಸಿಕ್ಕಿತಲ್ಲ ಅಂತ ಬಗ್ಗಿಸಿಕೊಂಡು ಬರುತ್ತದೆ. ನನ್ನ ಬಸ್ಸಿನ ಗೋಡೆ ಇಬ್ಬರನ್ನೂ ಒಬ್ಬರಿಗೊಬ್ಬರು ಕಾಣದ ಹಾಗೆ ಮಾಡಿರುತ್ತದೆ. ನಾನು ಹಾರ್ನ್ ಹೊಡೆದರೆ ದಾಟುವವರು ಬೆಚ್ಚಿ ನನ್ನ ಕಡೆಗೇ ತಿರುಗುತ್ತಾರೆ. ಒಳ್ಳೆಯತನ ತೋರಿಸಿದ ಒಂದು ಗಾಡಿಯ ಪಕ್ಕದಲ್ಲೇ ಅಪಾಯ ಇರುವುದು ಹೀಗೆ. ಒಬ್ಬ ನಿಲ್ಲಿಸಿದ ಅಂದರೆ ಅವನ ಲೇನಿನ ಮಟ್ಟಿಗೆ ಮಾತ್ರ ನಿಲ್ಲಿಸಿದ. ಅವನ ಗಾಡಿಯ ಆಚೆ ಅಂಚಿಗೆ ಬಂದಾಗ ನಿಲ್ಲು, ಕತ್ತು ಚಾಚಿ ಮುಂದಿನ ಲೇನ್ ನೋಡು, ಆಮೇಲೆ ಹೋಗು. ನಿಲ್ಲಿಸಿದ ಡ್ರೈವರಿಗೆ ಅದರಿಂದ ಬೇಜಾರಾಗುವುದಿಲ್ಲ, ಅವನಿಗೂ ಅದೇ ಬೇಕು.

ಹಾಗೆಯೇ ಹೆಡ್‌ಲೈಟಿನ ಭಾಷೆ. ದೂರದಿಂದ ಒಂದು ಕಾರು ಎರಡು ಸಲ ದೀಪ ಮಿನುಗಿಸಿದರೆ ಅದು 'ನೀವು ಹೋಗಿ' ಅಂತಲ್ಲ. ನಮ್ಮ ರಸ್ತೆಗಳಲ್ಲಿ ಅದರ ಅರ್ಥ 'ನಾನು ಬರುತ್ತಿದ್ದೇನೆ, ನೀನು ನಿಲ್ಲು'. ಹೊರದೇಶದಿಂದ ಬಂದವರು ಇದರಲ್ಲಿ ಮೋಸಹೋಗುತ್ತಾರೆ.

ದಾಟಲು ಶುರು ಮಾಡಿದ ಮೇಲೆ ಒಂದೇ ನಡಿಗೆ ಇರಲಿ. ಓಡಬೇಡ, ಗಾಡಿ ಓಡುವ ಲೇನಿನ ನಡುವೆ ನಿಲ್ಲಬೇಡ, ಎಲ್ಲಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಹೆಜ್ಜೆ ಇಡಬೇಡ. ಯಾಕೆ ಅಂತ ಸೀಟಿನ ಕಡೆಯಿಂದ ಹೇಳುತ್ತೇನೆ. ಬೈಕಿನವನು ನಿನ್ನನ್ನು ಕಂಡ ಕ್ಷಣವೇ ಒಂದು ಲೆಕ್ಕ ಹಾಕುತ್ತಾನೆ: ಈಕೆ ಇಷ್ಟು ಹೊತ್ತಿಗೆ ಇಷ್ಟು ಮುಂದೆ ಹೋಗಿರುತ್ತಾಳೆ, ನಾನು ಹಿಂದಿನಿಂದ ಹೋಗಬಹುದು ಅಂತ. ನೀನು ಬೆಚ್ಚಿ ಹಿಂದೆ ಸರಿದರೆ ಅವನು ಹಾಕಿಕೊಂಡ ದಾರಿಗೇ ಹೋಗಿ ನಿಲ್ಲುತ್ತೀಯ. ಅವನಿಗೆ ತಿದ್ದಿಕೊಳ್ಳಲು ಹೊತ್ತಿರುವುದಿಲ್ಲ. ನಿನ್ನ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆ ಅಂತ ನೋಡುವವನಿಗೆ ಮೊದಲೇ ತಿಳಿಯುವಂತೆ ನಡೆ. ಕೈ ಎತ್ತಿ ತೋರಿಸುವುದು ಒಳ್ಳೆಯ ರೂಢಿ, ತೋಳು ಚಾಚಿ ಅಂಗೈ ಪೂರ್ತಿ ಬಿಡಿಸಿ ಗಾಡಿಯ ಕಡೆಗೆ ಹಿಡಿ. ಆದರೆ ಕೈ ಇರುವುದು ಕೇಳಿಕೊಳ್ಳಲು, ಗಾಡಿ ನಿಲ್ಲುವುದು ಬ್ರೇಕಿನಿಂದ. ಬ್ರೇಕಿಗೆ ತನ್ನದೇ ಲೆಕ್ಕವಿದೆ.

ಆ ಲೆಕ್ಕವನ್ನು ನೋಡು. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಬರುತ್ತದೆ. ನಿನ್ನನ್ನು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಬರುವಷ್ಟರಲ್ಲೇ ಒಂದರಿಂದ ಒಂದೂವರೆ ಸೆಕೆಂಡ್ ಹೋಗಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 9 ಮೀಟರ್ ಹತ್ತಿರ ಬೇಕು. ವೇಗ 60 ಆದರೆ ಬ್ರೇಕ್ ಹಿಡಿದ ಮೇಲಿನ ದೂರ ಎರಡು ಪಟ್ಟಿಗೂ ಹೆಚ್ಚಾಗುತ್ತದೆ, ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು. ಈಗ ನಿನ್ನ ಕಡೆಯ ಲೆಕ್ಕ. ಆರು ಲೇನಿನ ರಸ್ತೆಯ ಅಗಲ 20 ಮೀಟರ್ ಮೀರುತ್ತದೆ. ಆರೋಗ್ಯವಾಗಿರುವವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಹಿಡಿದರೂ ಪೂರ್ತಿ ದಾಟಲು 17, 18 ಸೆಕೆಂಡ್ ಬೇಕು. ಅಷ್ಟರಲ್ಲಿ ಆ 40ರ ಗಾಡಿ 200 ಮೀಟರ್ ಬಂದಿರುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ 200 ಮೀಟರ್ ಖಾಲಿ ರಸ್ತೆ ಯಾವಾಗ ಸಿಕ್ಕೀತು ಹೇಳು? ಅದಕ್ಕೇ ಇಡೀ ರಸ್ತೆಯನ್ನು ಒಂದೇ ಉಸಿರಿಗೆ ದಾಟುವ ಆಸೆ ಬಿಡು. ಡಿವೈಡರಿನವರೆಗೆ ಒಂದು ರಸ್ತೆ, ಅಲ್ಲಿ ನಿಂತು ಉಸಿರು ತೆಗೆದುಕೊ, ಆಮೇಲೆ ಇನ್ನೊಂದು ರಸ್ತೆ. ಡಿವೈಡರಿನಲ್ಲಿ ನಿಲ್ಲುವಾಗಲೂ ಜೋಪಾನ. ಬಸ್ಸಿನ ಕನ್ನಡಿ ಬಾಡಿಯಿಂದ ಆಚೆಗೆ ಚಾಚಿಕೊಂಡಿರುತ್ತದೆ, ಎತ್ತರದ ಕಲ್ಲಿನ ಮೇಲೆ ನಿಂತವರ ತಲೆಗೆ ಸರಿಯಾಗಿ ಬರುತ್ತದೆ. ಬೆನ್ನಿನ ಚೀಲ ರಸ್ತೆಯ ಕಡೆ ಉಬ್ಬಿಕೊಂಡಿರಬಾರದು, ದುಪಟ್ಟಾ ಹಾರುತ್ತಿರಬಾರದು. ಕಂಬಿ ಕಿತ್ತಿರುವ ಸಂದಿನಲ್ಲಿ ನುಸುಳಿ ದಾಟುವುದು ಬೇಡವೇ ಬೇಡ. ಆ ಸಂದಿನಿಂದ ಒಬ್ಬರು ಹೊರಬರುತ್ತಾರೆ ಅಂತ ಯಾವ ಡ್ರೈವರೂ ಎದುರುನೋಡುತ್ತಿರುವುದಿಲ್ಲ.

ಸಿಗ್ನಲ್ ಇದ್ದಲ್ಲಿ ನಡೆಯುವವರ ಹಸಿರು ಗೊಂಬೆ ಬಂದಾಗ ದಾಟು ಅಂತ ನಿಯಮ. ನಾನು ಒಂದು ಸೇರಿಸುತ್ತೇನೆ: ಹಸಿರು ಬಂದ ಮೇಲೂ ಮನಸ್ಸಿನಲ್ಲಿ ಮೂರು ಎಣಿಸು. ಹಳದಿಯಲ್ಲಿ ನುಗ್ಗಿದ ಕೊನೆಯ ಗಾಡಿಗಳು ಆ ಮೂರರಲ್ಲಿ ಹೋಗಿ ಮುಗಿಯುತ್ತವೆ. ಗೊಂಬೆ ಮಿಣುಕಲು ಶುರುವಾದರೆ ನಡುವೆ ಇದ್ದವರು ಮುಗಿಸಿಕೊಳ್ಳಬೇಕು, ಹೊಸದಾಗಿ ಯಾರೂ ಇಳಿಯಬಾರದು. ಇನ್ನು ಈಚೆಗೆ ನಗರದ ಹಲವು ಸಿಗ್ನಲ್‌ಗಳು ಗಾಡಿಗಳ ಸಾಲು ನೋಡಿ ತಾವೇ ಹೊತ್ತು ಹೆಚ್ಚುಕಡಿಮೆ ಮಾಡಿಕೊಳ್ಳುತ್ತವೆ. ನಿನ್ನೆ ಇಷ್ಟು ಹೊತ್ತು ಇತ್ತು ಅಂತ ಇವತ್ತು ನಂಬಿ ಇಳಿಯುವ ಹಾಗಿಲ್ಲ. ಕೆಲವು ಕಡೆ ಕಂಬದ ಮೇಲೆ ಒತ್ತುವ ಗುಂಡಿ ಇರುತ್ತದೆ. ಒತ್ತಿ, ಕಾಯಿ. ಜನ ಅದನ್ನು ಅಲಂಕಾರಕ್ಕೆ ಇಟ್ಟಿದ್ದಾರೆ ಅನ್ನುವಂತೆ ಹಾದುಹೋಗುತ್ತಾರೆ.

ಫ್ರೀ ಲೆಫ್ಟ್ ನಮ್ಮ ಜಂಕ್ಷನ್‌ಗಳ ದೊಡ್ಡ ಕಂಟಕ. ನೇರ ಹೋಗುವ ಗಾಡಿಗಳೆಲ್ಲ ಕೆಂಪಿಗೆ ನಿಂತಿರುತ್ತವೆ, ಎಡಕ್ಕೆ ತಿರುಗುವವರು ಮಾತ್ರ ಹರಿಯುತ್ತಲೇ ಇರುತ್ತಾರೆ. ಅವರ ಕಣ್ಣು ಬಲಗಡೆಯಿಂದ ಬರುವ ಗಾಡಿಗಳ ಮೇಲೆ, ನೀನು ಅವರ ಎಡಕ್ಕೆ. ಆ ತಿರುವಿನ ಬಾಯಲ್ಲಿ ದಾಟದೆ, ರಸ್ತೆಯೊಳಕ್ಕೆ ಇಪ್ಪತ್ತು ಮೂವತ್ತು ಹೆಜ್ಜೆ ಹಿಂದೆ ಹೋಗಿ, ಗಾಡಿಗಳು ಒಂದೇ ಕಡೆಯಿಂದ, ಒಂದೇ ಸಾಲಿನಲ್ಲಿ ಬರುವ ಜಾಗ ಹುಡುಕು. ಅಲ್ಲಿ ಜೀಬ್ರಾ ಪಟ್ಟೆ ಇದ್ದರೆ ಇನ್ನೂ ಒಳ್ಳೆಯದು. ನಾಲ್ಕು ದಿಕ್ಕು ನೋಡಬೇಕಾದ ಕಡೆ ಯಾರ ಕಣ್ಣೂ ಸಾಲುವುದಿಲ್ಲ. ಒಂದು ದಿಕ್ಕಾದರೆ ಯಾರಾದರೂ ನೋಡಬಲ್ಲರು. ಟೌನ್ ಹಾಲ್ ಇರಲಿ, ಹೆಬ್ಬಾಳ ಇರಲಿ, ಟಿನ್ ಫ್ಯಾಕ್ಟರಿ ಇರಲಿ, ಮಾತು ಒಂದೇ. ಕಾಲಿಗೆ ಮೂವತ್ತು ಹೆಜ್ಜೆ ಹೆಚ್ಚಾಗುತ್ತದೆ, ಅಷ್ಟೇ ತಾನೆ.

ಸಂಜೆಯ ಪಾಳಿ ಮುಗಿಸಿ ಬರುವಾಗ ಇನ್ನೂ ಒಂದು ಎಚ್ಚರ. ರಾತ್ರಿ ನಿನಗೆ ಗಾಡಿಯ ದೀಪ ಅರ್ಧ ಕಿಲೋಮೀಟರಿನಿಂದಲೇ ಕಾಣುತ್ತದೆ, ಅದಕ್ಕೆ ನಾನೂ ಕಾಣುತ್ತಿದ್ದೇನೆ ಅನ್ನಿಸುತ್ತದೆ. ಎದುರು ಬರುವ ಹೈ ಬೀಮಿನಲ್ಲಿ ಕಣ್ಣು ಕೋರೈಸಿದ ಡ್ರೈವರಿಗೆ ಕಪ್ಪು ಜಾಕೆಟ್ಟಿನ ಹುಡುಗಿ ಕತ್ತಲೆಯ ತುಂಡಿನಂತೆ ಇರುತ್ತಾಳೆ. ಮಳೆಯಾದರೆ ಗಾಜಿನ ಮೇಲೆ ವೈಪರ್ ಬಳಿದ ಅರ್ಧಚಂದ್ರದಷ್ಟೇ ಅವನ ಲೋಕ. ಬೀದಿದೀಪದ ಕೆಳಗೇ ದಾಟು. ತಿಳಿಬಣ್ಣದ ಬಟ್ಟೆ, ಇಲ್ಲವಾದರೆ ಚೀಲದ ಮೇಲೆ ಹೊಳೆಯುವ ಪಟ್ಟಿ ಇರಲಿ. ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ದಾಟಬೇಡ. ಮೊಬೈಲು ಚೀಲದೊಳಗೆ ಇರಲಿ. ಟಾರ್ಚ್ ಹಚ್ಚಿ ಕೆಳಮುಖವಾಗಿ ಹಿಡಿಯಬೇಕು ಅನ್ನಿಸಿದರೆ ಮಾತ್ರ ತೆಗೆ.

ಸ್ಕೈವಾಕ್, ಸಬ್‌ವೇ ಇದ್ದರೆ ಅದನ್ನೇ ಹಿಡಿ. ಮೆಜೆಸ್ಟಿಕ್ಕಿನಲ್ಲಿ ಬಸ್ ನಿಲ್ದಾಣದಿಂದ ರೈಲ್ವೆ ನಿಲ್ದಾಣದ ಕಡೆಗೆ ಕೆಳಗಿಂದಲೇ ದಾರಿ ಇದೆ, ಕೆ.ಆರ್. ಮಾರ್ಕೆಟ್ಟಿನಲ್ಲೂ ಸಬ್‌ವೇ ಇದೆ. ಎತ್ತರದ ಮೆಟ್ರೋ ನಿಲ್ದಾಣಗಳಲ್ಲಿ ಹಲವು ಕಡೆ ಟಿಕೆಟ್ ಗೇಟಿನ ಹೊರಗಿನ ಭಾಗದಿಂದಲೇ ರಸ್ತೆಯ ಈಚೆಯಿಂದ ಆಚೆಗೆ ಹೋಗಬಹುದು, ಪ್ರಯಾಣ ಮಾಡಬೇಕಿಲ್ಲ. ಅಲ್ಲಿನ ಸಿಬ್ಬಂದಿಯನ್ನು ಕೇಳು, ತೋರಿಸುತ್ತಾರೆ. ಆದರೆ ರಾತ್ರಿ ಹತ್ತರ ಮೇಲೆ ಖಾಲಿ ಸಬ್‌ವೇಗೆ ಒಬ್ಬಳೇ ಇಳಿಯಲು ಭಯವಾದರೆ ಆ ಭಯಕ್ಕೆ ಬೆಲೆ ಕೊಡು. ಜೊತೆಗೆ ಇಳಿಯುವ ನಾಲ್ಕು ಹೆಂಗಸರು ಬರುವವರೆಗೆ ಕಾಯಿ, ಇಲ್ಲವೇ ಬೆಳಕಿನ ಸಿಗ್ನಲ್‌ವರೆಗೆ ನಡೆ. ರಸ್ತೆ ದಾಟಲು ಜನರನ್ನು ಮೆಟ್ಟಿಲು ಹತ್ತಿಸಿ ಇಳಿಸುವ ಊರಿನ ಮೇಲೆ ನನಗೆ ಸಿಟ್ಟಿದೆ ಕಣೇ. ಗರ್ಭಿಣಿ, ಮಂಡಿನೋವಿನ ಅಜ್ಜಿ, ತಲೆಹೊರೆಯ ಕೂಲಿ, ಇವರೆಲ್ಲ ಹತ್ತಿ ಇಳಿಯಬೇಕು, ಕಾರು ಮಾತ್ರ ನೆಲದ ಮೇಲೆ ಸಲೀಸಾಗಿ ಹೋಗಬೇಕು. ನೆಲದ ಮೇಲೆ ದಾಟಲು ಒಂದು ಒಳ್ಳೆಯ ಪಟ್ಟೆ, ಒಂದು ಸಿಗ್ನಲ್, ಮೂವತ್ತು ಸೆಕೆಂಡ್ ಕೊಟ್ಟರೆ ಎಷ್ಟು ಜೀವ ಉಳಿದೀತು.

ಕಾನೂನು ನಿನ್ನ ಕಡೆಗಿದೆ, ಇದನ್ನೂ ತಿಳಿದಿರು. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯ ಪ್ರಕಾರ ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟೆಯಲ್ಲಿ ನಡೆಯುವವರಿಗೆ ದಾರಿ ಬಿಡುವುದು ಡ್ರೈವರ್ ಕರ್ತವ್ಯ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಅಂತ ಹೇಳಿತು. ಪಟ್ಟೆ ಅಳಿಸಿಹೋಗಿದ್ದರೆ, ಫುಟ್‌ಪಾತಿನ ಚಪ್ಪಡಿ ಬಾಯಿ ಬಿಟ್ಟಿದ್ದರೆ ಫೋಟೋ ತೆಗೆದು ಪಾಲಿಕೆಗೂ ಸಂಚಾರ ಪೊಲೀಸರಿಗೂ ಕಳಿಸು, ಸುಮ್ಮನಿರಬೇಡ. ಆದರೆ ಮುಂದೆ ಗಾಡಿ ಬರುತ್ತಿರುವಾಗ ಹಕ್ಕಿನ ಚರ್ಚೆ ಬೇಡ, ಅವನಿಗೆ ದಾರಿ ಬಿಟ್ಟು, ನಂಬರ್ ಬರೆದುಕೊಂಡು ದೂರು ಕೊಡು.

ಎಲ್ಲಾದರೂ ಯಾರಾದರೂ ಪೆಟ್ಟು ತಿಂದು ಬಿದ್ದಿದ್ದರೆ, ಕೇಸಿನಲ್ಲಿ ಸಿಕ್ಕಿಕೊಳ್ಳುತ್ತೇನೆ ಅಂತ ಹೆದರಿ ಹಾದುಹೋಗಬೇಡ. ಸಹಾಯಕ್ಕೆ ಬಂದವರನ್ನು ಗೋಳುಹೊಯ್ದುಕೊಳ್ಳಬಾರದು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯ್ದೆಯೊಳಗೇ ಬಂತು. 108ಕ್ಕೋ 112ಕ್ಕೋ ಫೋನ್ ಮಾಡು, ಹಿಂದಿನಿಂದ ಬರುವ ಗಾಡಿಗಳನ್ನು ನಿಲ್ಲಿಸಲು ಇಬ್ಬರನ್ನು ಕರೆ, ಬಿದ್ದವರ ಕತ್ತನ್ನು ಎಳೆದಾಡದಂತೆ ನೋಡಿಕೊ.

ಬೆಳಿಗ್ಗೆ ಲಾಗಿನ್‌ಗೆ ತಡವಾಗುತ್ತದೆ ಅನ್ನುವುದೇ ನಿನ್ನ ಆತುರದ ಮೂಲ ಅಂತ ನನಗೆ ಗೊತ್ತು. ಪಿಜಿಯಿಂದ ಹತ್ತು ನಿಮಿಷ ಮೊದಲು ಹೊರಡು. ಇನ್ನೂ ಒಳ್ಳೆಯದು, ದಾಟಬೇಕಾಗೇ ಬರದ ದಾರಿ ಹುಡುಕು. ಒಂದು ನಿಲ್ದಾಣ ಮೊದಲು ಇಳಿದರೆ, ಅಥವಾ ಒಂದು ನಿಲ್ದಾಣ ಮುಂದೆ ಹೋಗಿ ಇನ್ನೊಂದು ಬಸ್ಸು ಹಿಡಿದರೆ ಆ ಜಂಕ್ಷನ್ನಿನ ಬಾಯಿಗೆ ಇಳಿಯದೇ ಆಫೀಸಿನ ಬದಿ ಸೇರಬಹುದೇ ನೋಡು. ಕಂಡಕ್ಟರನ್ನು ಕೇಳು, ಅವರಿಗೆ ಗೊತ್ತಿಲ್ಲದ ತಿರುವು ಈ ಊರಿನಲ್ಲಿಲ್ಲ. ಮುಂದಿನ ತಿಂಗಳು ನಿಮ್ಮಮ್ಮ ಬಂದಾಗ ಅವಳನ್ನು ಸಿಲ್ಕ್ ಬೋರ್ಡ್‌ನಲ್ಲಿ ನಡೆಸಬೇಡ. ಮಂಡಿನೋವು ಬಂದ ಮೇಲೆ ಅವಳ ನಡಿಗೆ ನಿನ್ನದರ ಅರ್ಧ, ನಿನಗೆ ಸಾಕಾಗುವ ಸಂದು ಅವಳಿಗೆ ಸಾಲದು. ಆಟೋ ಮಾಡಿಕೊ, ಯೂ ಟರ್ನಿಗೆ ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚಾದರೂ ಆಗಲಿ, ಪಿಜಿ ಇರುವ ಬದಿಯಲ್ಲೇ ಇಳಿಸಲು ಹೇಳು. ಇಳಿಯುವಾಗ ಫುಟ್‌ಪಾತಿನ ಕಡೆಯಿಂದಲೇ ಇಳಿಸು. ದುಡ್ಡು ನಾನು ಕಳಿಸುತ್ತೇನೆ.